ಪೇಡ್ಯಾನ ತುತ್ತು

೨೦ ನವೆಂಬರ್ ೧೯೩೫, ಬುಧವಾರ

ಪ್ರಲ್ಹಾದ, ಪ್ರಲ್ಹಾದ, ಪ್ರಲ್ಹಾದ! ಬಾಯಿಂದ ಹೇಳುವಂತಿಲ್ಲ, ಆದರೆ ಬರೆಯಲು ಯಾರ ಅಡ್ಡಿ? ಪುಣೆಯ ಈ ಮನೆಯ ಹೊಸ್ತಿಲು ದಾಟುವಾಗ ಒಡಪಿನಲ್ಲಿ ಗಂಡನ ಹೆಸರು ಹೇಳಿಸಿದರು. ನಾನು ನಾಚಿಕೊಂಡು ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಎದುರು ಮನೆಯ ಗೌರಾಬಾಯಿ "ಕೇಳಸಲಿಲ್ಲವಾ, ಇನ್ನೊಮ್ಮೆ!" ಎಂದು ಮತ್ತೆ ಮತ್ತೆ ಹೇಳಿಸಿ ನಕ್ಕರು. ಆಮೇಲೆ ಆ ಹೆಸರಿಗೆ ಬೀಗ.

ಈ ಡೈರಿ ಅವರೇ ಕೊಟ್ಟದ್ದು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ನನಗೆ ಇಂಗ್ಲಿಷೇ ಸುಲಭ. ಆದರೆ ಇಂಗ್ಲಿಷಿನಲ್ಲಿ ಬರೆದರೆ ಪ್ರಲ್ಹಾದ ಓದಿಬಿಡುತ್ತಾರೆ! ಕನ್ನಡದಲ್ಲಿ ಬರೆದರೆ ಭಯವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕನ್ನಡ ಮಾತಾಡುವ ಈ ಮನೆಯಲ್ಲಿ ಕನ್ನಡ ಅಕ್ಷರ ಒಬ್ಬರಿಗೂ ಬರುವುದಿಲ್ಲ. ಮಾವನವರು ಧಾರವಾಡದಲ್ಲಿ ಮರಾಠಿ ಶಾಲೆಯಲ್ಲಿ ಕಲಿತವರು, ಪ್ರಲ್ಹಾದ ಹುಟ್ಟಿ ಬೆಳೆದದ್ದೇ ಪುಣೆಯಲ್ಲಿ, ಅತ್ತೆಗೆ ಯಾವ ಅಕ್ಷರವೂ ಬಾರದು. ಮೇಜಿನ ಮೇಲೆ ತೆರೆದಿಟ್ಟು ಹೋದರೂ ನನ್ನ ಗುಟ್ಟು ನನ್ನದೇ!

ತವರಿನಲ್ಲಿ ನಾನು ಮನೋರಮಾ. ಇಲ್ಲಿ ಅಕ್ಕಿಯಲ್ಲಿ ಉಂಗುರದಿಂದ ಬರೆದು ಇಂದೂ ಮಾಡಿದ್ದಾರೆ. "ಇಂದೂ" ಎಂದು ಕೂಗಿದರೆ ಬೇರೆ ಯಾರನ್ನೋ ಕರೆದಂತೆ ಸುಮ್ಮನೆ ನಿಂತಿರುತ್ತೇನೆ. ಅತ್ತೆ ಕೃಷ್ಣಾಬಾಯಿ ನಿನ್ನೆ ಗೌರಾಬಾಯಿಯ ಎದುರಿಗೇ "ಹುಡುಗಿ ಚಂದ ಅದ, ಕಿವಿ ಅಷ್ಟು ಮಂದ" ಎಂದರು. ಮಾವನವರು ಪಂಢರಿನಾಥರಾಯರಂತೂ ನನ್ನೊಡನೆ ಮಾತೇ ಆಡುವುದಿಲ್ಲ. ಏನಾದರೂ ಹೇಳಬೇಕಿದ್ದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಾರೆ. "ಹೊಸಾ ಹುಡುಗಿಗೆ ಹೇಳ್ರಿ, ಚಪ್ಪಲಿ ಓಣ್ಯಾಗ ಬಿಟ್ರ ನಾಯಿ ಒಯ್ತದ." ನಾನು ಕಂಬದ ಪಕ್ಕದಲ್ಲೇ ನಿಂತಿರುತ್ತೇನೆ!

ಆದರೂ ನನಗೆ ಎಷ್ಟು ಸಂತೋಷ! ಏಕೆಂದು ನಾಳೆ ಬರೆಯುತ್ತೇನೆ.

೨೨ ನವೆಂಬರ್, ಶುಕ್ರವಾರ

ಮುಂಬೈ! ಡಿಸೆಂಬರ್ ಏಳಕ್ಕೆ! ಪ್ರಲ್ಹಾದ ಹವಾಮಾನ ಕಚೇರಿಯಿಂದ ನಾಲ್ಕು ದಿನ ರಜೆ ಪಡೆದಿದ್ದಾರೆ. ಡೆಕ್ಕನ್ ಕ್ವೀನಿನಲ್ಲಿ ಕಿಟಕಿಯ ಬದಿಗೆ ಕುಳಿತು ಘಾಟು ಇಳಿಯುವುದು, ಅವರ ಸ್ನೇಹಿತರ ಮನೆಯಲ್ಲಿ ಇಳಿದುಕೊಳ್ಳುವುದು, ಸಂಜೆ ಸಮುದ್ರ! ನಾನು ಹುಟ್ಟಿದಾಗಿನಿಂದ ಸಮುದ್ರ ನೋಡಿಲ್ಲ. ಶಾಲೆಯಲ್ಲಿ ಮಾತ್ರ ಮೂರು ಸಲ ಸಮುದ್ರದ ಚಿತ್ರ ಬರೆದು ಬಹುಮಾನವಾಗಿ ಈ ಬಣ್ಣದ ಪೆಟ್ಟಿಗೆ ಗೆದ್ದಿದ್ದೇನೆ. ನೋಡದೆಯೇ!

ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಪ್ರಲ್ಹಾದರ ಅಣ್ಣ ದಿಗಂಬರ ಭಾವನವರ ಮಕ್ಕಳು. ಭಾಮಾಗೆ ಒಂಬತ್ತು, ಅವಧೂತನಿಗೆ ಆರು. ಭಾವನವರಿಗೆ ಸೋಲಾಪುರದಲ್ಲಿ ನೌಕರಿ. ಅವರ ಹೆಂಡತಿ, ನನ್ನ ವೈನಿ, ಬಾಣಂತನಕ್ಕೆಂದು ದಸರೆಯ ನಂತರ ಧಾರವಾಡಕ್ಕೆ, ತವರಿಗೆ ಹೋಗಿದ್ದಾರೆ. ಅವಧೂತ ಅತ್ತು ರಂಪ ಮಾಡಬಾರದೆಂದು ಅವನು ಏಳುವ ಮೊದಲೇ ಟಾಂಗಾ ಹತ್ತಿದರಂತೆ. ಹೀಗಾಗಿ ಮಕ್ಕಳಿಗೆ ಮೀಯಿಸುವುದು, ತಲೆ ಬಾಚುವುದು ಎಲ್ಲ ಹೊಸ ಚಿಕ್ಕಮ್ಮನ, ಈ ಕಾಕುವಿನ ಪಾಲಿಗೆ. ಮದುವೆಯಾದ ತಿಂಗಳಲ್ಲೇ ಎರಡು ಮಕ್ಕಳು!

ಮೂರನೆಯದು ಪೇಡ್ಯಾ. ಹೊಸ್ತಿಲ ಹೊರಗೆ ಮಲಗುವ ಮುದಿ ನಾಯಿ. ಕಂದು ಮೈ, ಮೇಲೆ ಸಕ್ಕರೆ ಉದುರಿಸಿದಂತೆ ಬಿಳಿ ಚುಕ್ಕೆ, ಥೇಟ್ ಧಾರವಾಡದ ಪೇಡೆ. ಒಂದು ಕಿವಿ ಪೂರ್ತಿ ಬೆಳ್ಳಗೆ. ಇಷ್ಟು ಮಡಿಯ ಮನೆಯಲ್ಲಿ ನಾಯಿ ಹೇಗೆಂದರೆ, ಇವರು ದತ್ತನ ಭಕ್ತರು. ಪಡಸಾಲೆಯಲ್ಲಿ ದೊಡ್ಡ ಪಟವಿದೆ: ದತ್ತಾತ್ರೇಯ, ಹಿಂದೆ ಆಕಳು, ಪಾದದ ಬಳಿ ನಾಲ್ಕು ವೇದಗಳಾದ ನಾಲ್ಕು ನಾಯಿ. ಮಾವನವರು ದಿನಾ ಗಾಜಿನ ಮೇಲೆ ಆ ನಾಯಿಗಳ ಹಣೆಗೂ ಗಂಧ ಹಚ್ಚುತ್ತಾರೆ.

ಊಟಕ್ಕೆ ಮೊದಲು ಅವರು ಎಲೆಯ ತುಂಡಿನ ಮೇಲೆ ಅನ್ನ, ತೊವ್ವೆ, ತುಪ್ಪ ಹಾಕಿ ನಾಯಿಯ ತುತ್ತು ತೆಗೆದಿಡುತ್ತಾರೆ. ಅದನ್ನು ಹೊರಗಿನ ಮೆಟ್ಟಿಲಿಗೆ ಒಯ್ಯುವುದು ಅವಧೂತನ ಕೆಲಸ. ಪೇಡ್ಯಾ ತಿಂದು ಮುಗಿಸಿದ ಮೇಲೆ ಅವನು "ಉಂಡಾ!" ಎಂದು ಕೂಗಬೇಕು. ಆ ಕೂಗು ಬರುವವರೆಗೆ ಕಚೇರಿಗೆ ಹೊತ್ತಾಗಲಿ, ಶಾಲೆಗೆ ಹೊತ್ತಾಗಲಿ, ಯಾರೂ ಎಲೆಗೆ ಕೈ ಹಚ್ಚುವಂತಿಲ್ಲ. ನಾಯಿಗಾಗಿ ಕಾಯುವ ಮನೆ! ಕಾನ್ವೆಂಟಿನ ಗೆಳತಿಯರಿಗೆ ಬರೆದರೆ ನಂಬುವುದಿಲ್ಲ.

೨೫ ನವೆಂಬರ್, ಸೋಮವಾರ

ಪೇಡ್ಯಾ ಸತ್ತ. ಬೆಳಿಗ್ಗೆ ಅರ್ಧ ತುತ್ತು ತಿಂದು ಬಾವಿಯ ಹಿಂದೆ ಮಲಗಿದ್ದು ಮಧ್ಯಾಹ್ನ ಏಳಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಮರುಗಳಿಗೆಗೆ ಮುನಸಿಪಾಲ್ಟಿಯ ಗಾಡಿಯವನನ್ನು ಕರೆಸಿದರು. "ಹುಡುಗರು ಸಾಲೀಂದ ಬರೂದ್ರಾಗ ಎಲ್ಲಾ ಸ್ವಚ್ಛ ಆಗಬೇಕು." ಆಯಿತು. ನೀರು ಸುರಿದು ಗುಡಿಸಿಯೂ ಆಯಿತು.

ಅವಧೂತ ಬಂದವನೇ ಬಾವಿಯ ಹಿಂದೆ, ಮೆಟ್ಟಿಲ ಕೆಳಗೆ, ಓಣಿಯ ತುದಿಯವರೆಗೆ ಹುಡುಕಿದ.

"ಪೇಡ್ಯಾ ಧಾರವಾಡಕ್ಕ ಹೋಗ್ಯಾನಪ್ಪಾ, ನಿಮ್ಮವ್ವನ ಕಡೆ," ಎಂದರು ಅತ್ತೆ.

ಅವನು ಅಜ್ಜಿಯ ಮುಖ ನೋಡಿ ತಲೆಯಾಡಿಸಿದ. ಅಷ್ಟೇ. ನನಗೆ ಈ ಸುಳ್ಳು ಹಿಡಿಸಲಿಲ್ಲ, ಆದರೆ ಹೊಸ ಸೊಸೆ ಬಾಯಿ ಬಿಡುವುದು ಹೇಗೆ? ಅದೂ ಅಲ್ಲದೆ ಭಾಮಾ ಇವತ್ತು ತಲೆನೋವೆಂದು ಬೇಗ ಬಂದಿದ್ದಳು. ಓಣಿಯ ತಿರುವಿನಲ್ಲಿ ಗಾಡಿಯನ್ನು ನೋಡಿದ್ದಾಳೆ. ಬಿಳಿ ಕಿವಿ ಗೋಣಿಯಿಂದ ಹೊರಗೆ ಬಂದಿತ್ತಂತೆ. ಸಂಜೆ ಅಕ್ಕ ತಮ್ಮ ಮೂಲೆಯಲ್ಲಿ ಪಿಸುಪಿಸು ಮಾತಾಡುತ್ತಿದ್ದರು.

೨೬ ನವೆಂಬರ್, ಮಂಗಳವಾರ

ಮಾವನವರು ರೂಢಿಯಂತೆ ತುತ್ತು ತೆಗೆದಿಟ್ಟರು. ಅವಧೂತ ಒಯ್ದ. ನಾವೆಲ್ಲ ಎಲೆಯ ಮುಂದೆ ಕುಳಿತೆವು. ಕೂಗಿಲ್ಲ. ಪ್ರಲ್ಹಾದ ಗಡಿಯಾರ ನೋಡಿದರು. ಕೊನೆಗೆ ನಾನು ಎದ್ದು ಹೋದೆ. ಹುಡುಗ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಅನ್ನ, ಅನ್ನಕ್ಕೆ ಇರುವೆ.

"ಒಳಗ ಬಾರೋ, ಅನ್ನ ಆರ್ತದ."

"ಪೇಡ್ಯಾ ಉಂಡಿಲ್ಲ. ಅವಾ ಉಣ್ಣದ ನಾವು ಉಣಬಾರದು, ಅಜ್ಜಾ ಹೇಳ್ಯಾರ."

ಒಳಗೆ ಬಂದು ಹೇಳಿದೆ. ಮಾವನವರು ಕಂಬಕ್ಕೆ "ಅವಗ ತಿಳಿಸಿ ಹೇಳ್ರಿ" ಎಂದು ತಾವು ಆಪೋಶನ ತೆಗೆದುಕೊಂಡರು. ತಾವು ಕಲಿಸಿದ್ದನ್ನು ನಾನು ಬಿಡಿಸಬೇಕು! ಕೊನೆಗೆ ಒಂದು ಬಟ್ಟಲು ಹಾಲು ಕುಡಿದು ಶಾಲೆಗೆ ಹೋದ. ರಾತ್ರಿಯೂ ಹಾಲು.

ಹಾಸಿಗೆ ಹಾಸುವಾಗ ಕೇಳಿದ, "ಕಾಕು, ಆ ಗಾಡಿ ಧಾರವಾಡತನಕಾ ಹೋಗ್ತದೇನು?"

"ಯಾವ ಗಾಡಿಯೋ? ಧಾರವಾಡಕ್ಕ ರೈಲು ಹೋಗ್ತದ. ಮೀರಜ, ಬೆಳಗಾವಿ, ಆಮ್ಯಾಲೆ ಧಾರವಾಡ," ಎಂದು ಭೂಗೋಳ ಹೇಳಿಕೊಟ್ಟೆ. ನನಗೂ ನಿದ್ದೆ ಬರುತ್ತಿತ್ತು.

೨೮ ನವೆಂಬರ್, ಗುರುವಾರ

ಇವತ್ತು ನನ್ನ ಶಿಕ್ಷಣದ ಉಪಯೋಗ ತೋರಿಸಬೇಕೆಂದು ಹೊರಟೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬರ್ನಡೆಟ್ ಅವರ ನಾಯಿ ಸತ್ತಾಗ ನಾವೆಲ್ಲ ಸಾಲಾಗಿ ನಿಂತು, ಹೂವಿಟ್ಟು, ಹಾಡಿ ಹೂಳಿದ್ದೆವು. ಅತ್ತು ಹಗುರಾಗಿ ಸಂಜೆ ಕೇಕು ತಿಂದೆವು. ಅದೇ ಸರಿಯಾದ ದಾರಿ!

ಪೇಡ್ಯಾನ ದೇಹ ಇಲ್ಲವಲ್ಲ, ಆದ್ದರಿಂದ ಅವನ ಕೊರಳ ಹಗ್ಗ ತಂದೆ. ಪಾರಿಜಾತದ ಬುಡದಲ್ಲಿ ಗುಂಡಿ ತೋಡಿದೆ. ಸೀರೆಯ ತುಂಬ ಮಣ್ಣು! ಮಕ್ಕಳ ಕೈಗೆ ಸೇವಂತಿಗೆ ಕೊಟ್ಟು ಸಾಲಾಗಿ ನಿಲ್ಲಿಸಿ ಎರಡು ಮಾತು ಹೇಳಿದೆ. ಎಲ್ಲಿಂದಲೋ ಇಂಗ್ಲಿಷು ಬಂದುಬಿಟ್ಟಿತು. ಗೌರಾಬಾಯಿ ಕಿಟಕಿಯಿಂದ ತಲೆ ಹಾಕಿದರು.

"ಕೃಷ್ಣಾಬಾಯೀ, ನಿಮ್ಮ ಮ್ಯಾಡಮ್ಮ ಹಗ್ಗಕ್ಕ ಲಗ್ನಾ ಹಚ್ಯಾಳೋ, ತಿಥಿ ಮಾಡ್ಲಿಕತ್ಯಾಳೋ?"

ಅತ್ತೆ ಓಡಿ ಬಂದರು. "ಹುಗೀಲಿಕ್ಕೆ ನಾವೇನು ಕಿರಿಸ್ತಾನರೇನ? ನಡೀರೆಲ್ಲಾ, ಕೈಕಾಲ ತೊಳಕೋರಿ!"

ಅವಧೂತ ಮಾತ್ರ ಗಂಭೀರವಾಗಿ ನಿಂತಿದ್ದ. "ಕಾಕು, ಅಪ್ಪಾ ಸೋಲಾಪುರದಾಗ ತಲಿ ಬೋಳಸ್ಯಾರೇನು?"

ನಾಯಿಗಾಗಿ ಅಪ್ಪ ತಲೆ ಬೋಳಿಸುವುದೇ! ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಊಟವನ್ನೂ ಮಾಡಲಿಲ್ಲ.

೩೦ ನವೆಂಬರ್, ಶನಿವಾರ

ಗುಂಡಿ ತೆರೆದಿದೆ. ಹಗ್ಗ ಅವನ ದಿಂಬಿನ ಕೆಳಗೆ, ಮಣ್ಣಿನ ಸಮೇತ. ಇವತ್ತು ಹಾಸಿಗೆ, ಚಾದರ ಎಲ್ಲ ನಾನೇ ಒಗೆದೆ. ಒಂದು ಅಕ್ಷರ ಬರೆಯುವ ಮನಸ್ಸಿಲ್ಲ.

೧ ಡಿಸೆಂಬರ್, ಭಾನುವಾರ

ಪ್ರಲ್ಹಾದರಿಗೆ ದುಂಬಾಲು ಬಿದ್ದು ಹೇಳಿದೆ, "ಒಂದು ಮರಿ ತಂದ್ಬಿಡ್ರಿ, ಹುಡುಗ ಮರೀತಾನ." ಪಾಪ, ಕ್ಯಾಂಪಿನವರೆಗೆ ಸೈಕಲ್ ತುಳಿದು ಯಾರೋ ಸಾಹೇಬರ ಬಟ್ಲರನಿಂದ ಬಿಳಿ ಮರಿ ತಂದರು. ಹತ್ತಿಯ ಉಂಡೆ! ನಾನೇ ಎತ್ತಿ ಕುಣಿದೆ.

ಅವಧೂತ ದೂರದಿಂದ ನೋಡಿದ. "ಇದು ಪೇಡ್ಯಾ ಅಲ್ಲ."

"ಅಲ್ಲಪ್ಪಾ, ಇದು ಹೊಸಾದು."

"ಹಂಗಾರ ಅವ್ವನೂ ಹೊಸಾಕಿ ತರ್ತೀರೇನು?"

"ಏನ ಮಾತಂತ ಆಡ್ತೀಯೋ!" ಎಂದು ಗದರಿದೆ. ನನಗೆ ಕೋಪವೇ ಬಂತು. ಆರು ವರ್ಷದ ಹುಡುಗನಿಗೆ ಇಂಥ ವ್ಯಂಗ್ಯ ಎಲ್ಲಿಂದ? ಅಷ್ಟರಲ್ಲಿ ಮರಿ ಮಾವನವರ ದರ್ಭಾಸನದ ಮೇಲೆ ಉಚ್ಚೆ ಹೊಯ್ದು ಕಥೆ ಮುಗಿಸಿತು. "ಬಂದ ದಾರೀಲೆ ಕಳಸ್ರಿ," ಎಂದು ಕಂಬಕ್ಕೆ ಅಪ್ಪಣೆಯಾಯಿತು. ಪ್ರಲ್ಹಾದ ಮತ್ತೆ ಸೈಕಲ್ ಏರಿದರು. ನಾಳೆಯ ಮಳೆಯನ್ನು ಇವತ್ತೇ ಹೇಳುವ ಕಚೇರಿಯವರಿಗೆ ಸ್ವಂತ ತಂದೆಯ ಸಿಡಿಲು ತಿಳಿಯದೆ ಹೋಯಿತೇ ಎಂದು ಹಂಗಿಸಿದೆ. ಅವರು ಬೇಸರದಿಂದ, "ಮರಿ ತರಸಿದಾಕಿ ನೀನ," ಎಂದರು. ಇದು ನಮ್ಮ ಮೊದಲನೆಯ ಜಗಳ. ಒಂದು ನಾಯಿಯ ಸಲುವಾಗಿ!

ನಿನ್ನೆ ಧಾರವಾಡದಿಂದ ಮರಾಠಿಯಲ್ಲಿ ಬರೆದ ಕಾರ್ಡು ಬಂದಿತ್ತು. ವೈನಿ ಕ್ಷೇಮ, ಈ ತಿಂಗಳ ಕೊನೆಗೆ ಹೆರಿಗೆ. ಮಾವನವರು ಓದಿ ಹೇಳಿದರು. ಅವಧೂತ ಕೇಳಿದ್ದು ಒಂದೇ: ಅವ್ವನೇ ಬರೆದದ್ದೋ? ಇಲ್ಲ, ಸೋದರಮಾವ ಬರೆದದ್ದು. ಹ್ಞೂಂ ಎಂದು ಎದ್ದು ಹೋದ.

೩ ಡಿಸೆಂಬರ್, ಮಂಗಳವಾರ, ಬೆಳಿಗ್ಗೆ

ಹರಿದ ಕಿವಿಯ ಬೀದಿನಾಯಿಯೊಂದು ಮೆಟ್ಟಿಲ ಹತ್ತಿರ ಬಂದು ತುತ್ತಿಗೆ ಬಾಯಿ ಹಾಕಿತು. ನನ್ನ ಜೀವ ಕುಣಿಯಿತು. ಇನ್ನೇನು, "ಉಂಡಾ!" ಎಂಬ ಕೂಗು! ಅವಧೂತ ಕಲ್ಲು ಎತ್ತಿ ಬೀಸಿದ. ನಾಯಿ ಕುಂಯ್ಗುಡುತ್ತ ಓಡಿತು. ನಾನು ಅವನ ಕೈ ಹಿಡಿದು ಜಗ್ಗಿದೆ, ಬೈದೆ. ಬೆನ್ನಿಗೆ ಒಂದು ಏಟೂ ಹಾಕಿದೆ. ಅಳಲಿಲ್ಲ. ಅತ್ತಿದ್ದರೆ ನನಗಾದರೂ ಹಗುರಾಗುತ್ತಿತ್ತು. ಏಟು ಹಾಕಿದ ಕೈಗೆ ಅವನ ಬೆನ್ನೆಲುಬು ತಾಗಿತು.

ಹಾಲು, ಭಾಮಾ ಕದ್ದು ಕೊಡುವ ಶೇಂಗಾ ಬೆಲ್ಲ. ಇಷ್ಟರ ಮೇಲೆ ಹುಡುಗ ಎಷ್ಟು ದಿನ ಇರುತ್ತಾನೆ? ನಿನ್ನೆ ಶಾಲೆಯಲ್ಲಿ ತಲೆ ತಿರುಗಿ ಕುಳಿತನಂತೆ. ವೈದ್ಯರು ಬಂದು ಹೊಟ್ಟೆ ಒತ್ತಿ ನೋಡಿ ಚೂರ್ಣ ಕೊಟ್ಟು ಹೋದರು. ಅತ್ತೆ ಇವತ್ತು ಒಗ್ಗರಣೆಯ ಸೌಟು ಹಿಡಿದೇ ಹೇಳಿದರು, "ಹುಡುಗ ಹಿಂಗಿದ್ದಾಗ ಮುಂಬೈ ಗಿಂಬೈ ನಡ್ಯಾಂಗಿಲ್ಲ ನೋಡವಾ ಇಂದೂ. ನನ್ನ ಒಬ್ಬಾಕಿ ಕೈಲೆ ಆಗೂದಿಲ್ಲ. ನಾಳಿಂದ ಇವರ ಸಪ್ತಾಹ ಬ್ಯಾರೆ."

ನಾಳೆಯಿಂದ ದತ್ತಜಯಂತಿಯವರೆಗೆ ಮಾವನವರ ಏಳು ದಿನದ ಪಾರಾಯಣ. ಮಡಿ, ಮೌನ, ಒಂದೇ ಹೊತ್ತು ಊಟ.

ಅಂದರೆ ನನ್ನ ಸಮುದ್ರ ಹೋಯಿತು! ಯಾರದೋ ಸುಳ್ಳು, ಯಾರದೋ ರೂಢಿ, ಶಿಕ್ಷೆ ನನಗೆ!

ಸಂಜೆ

ಉಪಾಯ ಹೊಳೆದಿದೆ! ಇಷ್ಟು ದಿನ ಹೊಳೆಯದ ನಾನು ಎಂಥ ಪೆದ್ದಿ! ಮಧ್ಯಾಹ್ನ ಅವಧೂತ ಪಟದ ಮುಂದೆ ನಿಂತಿದ್ದ. ಸತ್ತವರು ದತ್ತನ ಹತ್ತಿರ ಹೋಗುತ್ತಾರೆಂದು ಭಾಮಾ ಹೇಳಿದ್ದಾಳೆ. "ಇಲ್ಲಿ ಪೇಡ್ಯಾ ಇಲ್ಲಲ್ಲ," ಎಂದು ಅವನು ಗಾಜನ್ನು ಬೆರಳಿನಿಂದ ಉಜ್ಜಿ ನೋಡುತ್ತಿದ್ದ.

ಮಾವನವರು ಕೀರ್ತನಕ್ಕೆ ಹೋಗಿದ್ದರು, ಅತ್ತೆ ಗೌರಾಬಾಯಿಯ ಮನೆಯಲ್ಲಿದ್ದರು. ಪಟ ಇಳಿಸಿದೆ. ಹಿಂದಿನ ಹಲಗೆಯ ಮೊಳೆ ಕಿತ್ತೆ. ಬಣ್ಣದ ಪೆಟ್ಟಿಗೆ ತೆರೆದೆ. ದತ್ತನ ಬಲಗಾಲಿನ ಪಕ್ಕದಲ್ಲಿ ಸ್ವಲ್ಪ ಹುಲ್ಲು ಖಾಲಿ ಇತ್ತು. ಕಂದು ಬಣ್ಣ, ಮೇಲೆ ಬಿಳಿ ಚುಕ್ಕೆ, ಬಿಳಿ ಕಿವಿ, ಮೇಲಕ್ಕೆ ಸುತ್ತಿದ ಬಾಲ. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಕಣ್ಣಲ್ಲಿ ನೀರು! ಒಣಗಿಸಿ, ಮೊಳೆ ಹೊಡೆದು, ಮೊದಲಿನಂತೆಯೇ ತೂಗುಹಾಕಿದೆ. ಪ್ರಲ್ಹಾದರಿಗೂ ಹೇಳಿಲ್ಲ. ಬೆಳಿಗ್ಗೆ ಅವಧೂತ ನೋಡುತ್ತಾನೆ, ನಗುತ್ತಾನೆ, ಉಣ್ಣುತ್ತಾನೆ. ಶನಿವಾರ ಡೆಕ್ಕನ್ ಕ್ವೀನ್!

೪ ಡಿಸೆಂಬರ್, ಬುಧವಾರ

ಕ್ರಮವಾಗಿ ಬರೆಯಲು ನೋಡುತ್ತೇನೆ.

ಬೆಳಿಗ್ಗೆ ಮಾವನವರು ಸ್ನಾನ ಮಾಡಿ, ಒದ್ದೆ ಮಡಿಯಲ್ಲಿ ಬಂದು, ಪಟವನ್ನು ಮಣೆಯ ಮೇಲಿಟ್ಟು ಹೂವಿನ ಮಾಲೆ ಹಾಕಿದರು. ದತ್ತನ ಹಣೆಗೆ ಗಂಧ, ಆಕಳಿಗೆ ಗಂಧ, ನಾಯಿಗಳಿಗೆ ಗಂಧ. ಒಂದು, ಎರಡು, ಮೂರು, ನಾಲ್ಕು. ಬೆರಳು ಗಾಳಿಯಲ್ಲೇ ನಿಂತಿತು.

"ಇದು ಯಾವ ವೇದ?" ಎಂದು ಕಂಬವನ್ನು ಕೇಳಿದರು.

ಅತ್ತೆ ಬಗ್ಗಿ ನೋಡಿ, "ಅಯ್ಯ ಶಿವನಽ! ಪೇಡ್ಯಾ!" ಎಂದು ಚೀರಿದರು. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೆ ಹೆಮ್ಮೆಯೇ ಆಯಿತು. ನೋಡಿದ ಕೂಡಲೇ ಗುರುತು ಹಿಡಿದರಲ್ಲ! ಆಮೇಲೆ ಅವರ ಮುಖ ನೋಡಿದೆ.

"ನಾನ ಬರದೇನ್ರಿ," ಎಂದೆ.

"ನಾಲ್ಕು ತಲಿಮಾರಿನಿಂದ ಪೂಜಾ ಆಗಿದ್ದ ಪಟ," ಎಂದರು ಮಾವನವರು. ಧ್ವನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಮೈಲಿಗಿ ಆದ ಪಟಾ ಹೊಳ್ಯಾಗ ಬಿಡಬೇಕಾಗ್ತದ. ಸಪ್ತಾಹದ ದಿನಾನ ಹಿಂಗಾತು." ಪ್ರಲ್ಹಾದ ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು, ಅರ್ಧ ಗಾಬರಿ, ಅರ್ಧ ನಗು. ಆ ಅರ್ಧ ನಗುವನ್ನು ನಾನು ಎಂದೂ ಕ್ಷಮಿಸಲಾರೆ.

ಗದ್ದಲಕ್ಕೆ ಅವಧೂತ ಎದ್ದು ಬಂದ. ಪಟದ ಮುಂದೆ ಮಂಡಿಯೂರಿದ. ಬಿಳಿ ಕಿವಿಯ ಮೇಲೆ ಬೆರಳಿಟ್ಟ. ನಕ್ಕ! ಇಷ್ಟು ದಿನಗಳಲ್ಲಿ ಮೊದಲನೆಯ ಸಲ. ನಾನು ಎಲ್ಲರ ಕಡೆ ನೋಡಿದೆ, ಕಂಡಿರಾ ಎಂಬಂತೆ.

ಆಮೇಲೆ ಅವನು ಹುಡುಕತೊಡಗಿದ. ಆಕಳ ಹಿಂದೆ, ಗಿಡದ ಕೆಳಗೆ, ದೂರದ ಹೊಳೆಯ ದಂಡೆಯಲ್ಲಿ. ಗಾಜಿಗೆ ಮೂಗು ಹಚ್ಚಿ ನೋಡಿದ.

"ಇನ್ನೇನ ಹುಡುಕ್ತೀಯೋ ಅವಧೂತಾ?" ಎಂದರು ಅತ್ತೆ.

"ಅವ್ವನ್ನ." ನನ್ನ ಕಡೆ ತಿರುಗಿದ. "ಕಾಕು, ಅವ್ವನ್ನ ಬರೀಲಿಕ್ಕೆ ಮರತ್ಯೇನು? ಆಕೀನೂ ಧಾರವಾಡಕ್ಕ ಹೋಗ್ಯಾಳಲ್ಲ."

ಮಾವನವರ ಕೈಯಲ್ಲಿನ ಗಂಧದ ಬಟ್ಟಲು ಓರೆಯಾಗಿ ಗಂಧ ನೆಲಕ್ಕೆ ಇಳಿಯುತ್ತಿತ್ತು. ಅತ್ತೆ ಅಲ್ಲೇ ಕುಸಿದು ಕುಳಿತರು. "ನಾನ ಅಂದಿದ್ದೆ. ನಾನ ಅಂದಿದ್ದೆನಲ್ಲೋ ಯಪ್ಪಾ..."

ಗಾಡಿ ಧಾರವಾಡದವರೆಗೆ ಹೋಗುತ್ತದೆಯೇ? ಅಪ್ಪ ತಲೆ ಬೋಳಿಸಿದ್ದಾರೆಯೇ? ಅವ್ವನನ್ನೂ ಹೊಸಬಳನ್ನು ತರುತ್ತೀರಾ? ಎಲ್ಲವನ್ನೂ ನನ್ನನ್ನೇ ಕೇಳಿದ್ದ. ನಾನು ಅವನಿಗೆ ಸ್ಟೇಷನ್ನುಗಳ ಹೆಸರು ಹೇಳಿಕೊಟ್ಟೆ.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದೆವು. ಅವ್ವ ಆರಾಮಿದ್ದಾಳೆ, ತಮ್ಮನನ್ನೋ ತಂಗಿಯನ್ನೋ ತರುತ್ತಾಳೆ, ದೇವರ ಆಣೆ. ಪ್ರಲ್ಹಾದ ಕಾರ್ಡು ತಂದು ಓದಿದರು. ಅವಧೂತ ಎಲ್ಲರ ಮುಖ ನೋಡಿ ತಲೆಯಾಡಿಸಿದ. ಪೇಡ್ಯಾ ಧಾರವಾಡಕ್ಕೆ ಹೋದನೆಂದು ಅಜ್ಜಿ ಹೇಳಿದಾಗ ಆಡಿಸಿದನಲ್ಲ, ಅದೇ ತಲೆ, ಹಾಗೆಯೇ.

ನನಗೆ ತಡೆಯಲಾಗಲಿಲ್ಲ. ಮಾವನವರ ಮುಂದೆ, ತಲೆಯ ಮೇಲಿನ ಸೆರಗು ಜಾರಿದ್ದರೂ ಲೆಕ್ಕಿಸದೆ, ಕೂಗಿಯೇ ಹೇಳಿದೆ: "ಹೇಳಿದ್ದು ಸಾಕ್ರಿ! ಅವಗ ತೋರಸಬೇಕು. ನಾವು ಶುಕ್ರವಾರ ಧಾರವಾಡಕ್ಕ ಹೋಗ್ತೇವಿ. ಅವನ್ನ ಕರಕೊಂಡು."

"ತುಂಬಿದ ಬಸುರಿ ಮುಂದ ಹಿಂಥಾ ಸುದ್ದಿ ಒಯ್ತಾರೇನ? ಬೀಗರು ಏನಂದಾರು?" ಎಂದರು ಅತ್ತೆ ಕ್ಷೀಣವಾಗಿ.

ಮಾವನವರು ಬಟ್ಟಲು ಕೆಳಗಿಟ್ಟರು. ಕಂಬಕ್ಕೆ ಹೇಳಿದರು, "ಗಾಡಿ ಎಷ್ಟಕ್ಕ ಅದ, ಪ್ರಲ್ಹಾದಗ ಕೇಳ್ರಿ."

೫ ಡಿಸೆಂಬರ್, ಗುರುವಾರ

ಮುಂಬೈ ಟಿಕೀಟು ಹಿಂದಿರುಗಿಸಿ ಬಂದರು. "ಸಮುದ್ರ ಎಲ್ಲೂ ಓಡಿ ಹೋಗೂದಿಲ್ಲ ಇಂದೂ," ಎನ್ನುತ್ತಾರೆ. ಸಮುದ್ರ ನೋಡಿದವರಿಗೆ ಹಾಗೆ ಹೇಳುವುದು ಸುಲಭ. ಒಂದು ಗಂಟೆ ಮಾತು ಬಿಟ್ಟೆ. ಆ ಗಂಟೆಯಲ್ಲೇ ಅವಧೂತನ ಎರಡು ಅಂಗಿಗೆ ಗುಂಡಿ ಹೊಲಿದು, ಕಾಲುಚೀಲ ಹುಡುಕಿ, ದಾರಿಗೆ ಚಕ್ಕುಲಿ ಕಟ್ಟಿದೆ. ಭಾಮಾಳಿಗೆ ಪರೀಕ್ಷೆ ಇದೆ, ಬರುವುದಿಲ್ಲ. "ನಂಗ ಪೇಡೆ ತಾ" ಎಂದಳು, ಆಮೇಲೆ "ಬ್ಯಾಡ" ಎಂದಳು.

ಪಟ ಮಣೆಯ ಮೇಲೆ ಇಲ್ಲ. ಎಲ್ಲಿದೆ ಎಂದು ಕೇಳುವ ಧೈರ್ಯ ನನಗಿಲ್ಲ.

೭ ಡಿಸೆಂಬರ್, ಶನಿವಾರ, ಧಾರವಾಡ

ಮೈಯೆಲ್ಲ ಕಲ್ಲಿದ್ದಲ ಮಸಿ. ಈ ಹೊತ್ತಿಗೆ ಡೆಕ್ಕನ್ ಕ್ವೀನಿನಲ್ಲಿ ಇರಬೇಕಾಗಿತ್ತು ನಾನು! ರಾತ್ರಿಯಿಡೀ ಹುಡುಗನ ತಲೆ ನನ್ನ ತೊಡೆಯ ಮೇಲೆ. ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ, ಎದ್ದರೆ ಮತ್ತೆ ಯಾವ ಪ್ರಶ್ನೆ ಕೇಳುತ್ತಾನೋ ಎಂದು. ಬೆಳಗಾವಿ ದಾಟುವಾಗ ಶಾಲೆಯ ಗೋಪುರ ನೋಡಬೇಕೆಂದುಕೊಂಡಿದ್ದೆ. ನೋಡುವುದು ಮರೆತುಹೋಯಿತು.

ಟಾಂಗಾ ನಿಂತ ಸದ್ದಿಗೆ ವೈನಿ ಸೊಂಟಕ್ಕೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದರು. ನಾನು ಎಣಿಸಿದ್ದೆ: ಓಡಿ ಹೋಗಿ ಅಪ್ಪಿಕೊಳ್ಳುತ್ತಾನೆ. ಅವನು ಅಂಗಳದಲ್ಲೇ ನಿಂತ. ಆಮೇಲೆ ನಿಧಾನವಾಗಿ ಹತ್ತಿರ ಹೋಗಿ, ಪಟದ ಗಾಜು ಮುಟ್ಟಿದಂತೆಯೇ, ಒಂದು ಬೆರಳಿನಿಂದ ಅವರ ಕೈ ಮುಟ್ಟಿ ನೋಡಿದ. ಬಿಸಿ ಇತ್ತೇನೋ. ಕೂಡಲೇ ಎರಡೂ ಮುಷ್ಟಿಯಿಂದ ಅವರ ಕೈಗೆ ಗುದ್ದತೊಡಗಿದ.

"ಹೇಳದ ಯಾಕ ಹೋದಿ? ಹೇಳದ ಯಾಕ ಹೋದಿ?"

ಅತ್ತ. ಓಣಿಯೇ ಕೇಳುವಂತೆ ಅತ್ತ. ವೈನಿ ಹೊಸ್ತಿಲ ಮೇಲೆ ಕುಳಿತು ಅವನನ್ನು ಮಗ್ಗುಲಿಗೆ ಎಳೆದುಕೊಂಡರು.

"ಪೇಡ್ಯಾ ಸತ್ತಾನವ್ವಾ."

"ಹೌದೇನು? ನಿನಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

ವೈನಿ ನನ್ನ ಕಡೆ ನೋಡಿದರು. ನಾನು ಚಕ್ಕುಲಿಯ ಗಂಟು ಬಿಚ್ಚತೊಡಗಿದೆ.

ಊಟದ ಹೊತ್ತಿಗೆ ಅವನೇ ಎಲೆಯ ತುಂಡು ಕೇಳಿದ. ಅನ್ನ, ತೊವ್ವೆ, ತುಪ್ಪ. ಹೊರಗೆ ಒಯ್ದ. ನಾವೆಲ್ಲ ಕೈ ಕಟ್ಟಿ ಕುಳಿತೆವು. ವೈನಿಯ ಅಣ್ಣ ಏನೂ ಅರ್ಥವಾಗದೆ ನಮ್ಮನ್ನು ನೋಡಿದರು. ಓಣಿಯಲ್ಲಿ ಯಾವುದೋ ಕರಿಯ ನಾಯಿ ಬಂದಿರಬೇಕು.

"ಉಂಡಾ!"

ಮೂರು ಸಲ ಅನ್ನ ಹಾಕಿಸಿಕೊಂಡ. ಅವರ ಮನೆಯ ಸಾರಿಗೆ ಉಪ್ಪು ಸ್ವಲ್ಪ ಹೆಚ್ಚೇ ಆಗಿತ್ತು. ನಾನು ಮಾಡಿದ ಸಾರನ್ನು ಇಷ್ಟು ದಿನ ಮೂಸಿಯೂ ನೋಡಿರಲಿಲ್ಲ!

೯ ಡಿಸೆಂಬರ್, ಸೋಮವಾರ, ರೈಲಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಹೊರಡುವಾಗ ಅವಧೂತ ತಾನೇ ವೈನಿಗೆ "ಹೋಗಿಬರ್ತೇನಿ" ಎಂದು ಎರಡೆರಡು ಸಲ ಹೇಳಿದ, ಅವರಿಂದಲೂ "ಬರ್ತೇನಿ" ಎಂದು ಹೇಳಿಸಿಕೊಂಡ. ಭಾಮಾಳಿಗೆ ಪೇಡೆ ಕೊಳ್ಳಬೇಕೋ ಬೇಡವೋ ಎಂದು ಅಂಗಡಿಯ ಮುಂದೆ ನಾನೂ ಅವನೂ ಬಹಳ ಹೊತ್ತು ಚರ್ಚೆ ಮಾಡಿ ಕೊನೆಗೆ ಕೊಂಡೆವು. ಪ್ರಲ್ಹಾದ ಗೊರಕೆ ಹೊಡೆಯುತ್ತಾರೆಂದು ಈಗ ತಿಳಿಯಿತು. ನಾಳೆ ಪಟದ ವಿಚಾರಣೆ.

೧೦ ಡಿಸೆಂಬರ್, ಮಂಗಳವಾರ, ದತ್ತಜಯಂತಿ

ಮನೆಗೆ ಬಂದರೆ ಪಡಸಾಲೆ ತುಂಬ ಜನ. ನಾನು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದೆ. ಭಾಮಾ ಪೇಡೆಯ ಪೊಟ್ಟಣ ಬಿಚ್ಚಿ, ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ತಿಂದಳು. ಆಮೇಲೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅವಳೂ ಇಷ್ಟು ದಿನ ಅತ್ತಿರಲಿಲ್ಲ. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ, ನಾನೂ. ಇನ್ನು ಮೇಲೆ ಇಬ್ಬರ ತಲೆಯನ್ನೂ ಬಾಚುವಾಗ ಏನಾದರೂ ಕೇಳುತ್ತಿರಬೇಕು.

ದತ್ತಜಯಂತಿಗೆ ನಮ್ಮನೆಯಲ್ಲಿ ಹಾಡುವ ತೊಟ್ಟಿಲ ಹಾಡು ಓಣಿಗೆಲ್ಲ ಪ್ರಸಿದ್ಧವಂತೆ. ಸಂಜೆ ದತ್ತನ ಜನ್ಮವಾದ ಮೇಲೆ ಅತ್ತೆಯ ಜೊತೆ ಕೋಸಂಬರಿ ಹಂಚಲು ಪಡಸಾಲೆಗೆ ಹೋಗಲೇಬೇಕಾಯಿತು. ನೋಡಿದರೆ ಮಣೆಯ ಮೇಲೆ ಅದೇ ಪಟ! ಗೌರಾಬಾಯಿ ಬೆರಳಿನಿಂದ ಎಣಿಸುತ್ತಿದ್ದರು.

"ಅಯ್ಯ, ಐದು ಅವಲ್ರಿ ಪಂಢರಿನಾಥರಾವ್!"

ಮಾವನವರು ಅವರ ಕೈಗೆ ತೀರ್ಥ ಹಾಕಿದರು. "ನಾಲ್ಕು ವೇದ. ಇನ್ನೊಂದು ನಮ್ಮನೀದು."

ಗೌರಾಬಾಯಿ ತೀರ್ಥ ಕುಡಿದು ಕೈ ತಲೆಗೆ ಒರೆಸಿಕೊಂಡರು. ನಾನು ಬಟ್ಟಲು ಹಿಡಿದು ಒಳಗೆ ಓಡಿದೆ.

ಊಟಕ್ಕೆ ಮೊದಲು ಅವಧೂತ ತುತ್ತು ಒಯ್ದ. ಹರಿದ ಕಿವಿಯ ನಾಯಿ ಓಣಿಯ ತುದಿಯಲ್ಲಿ ನಿಂತು ಕಲ್ಲು ಬರುತ್ತದೋ ಎಂದು ನೋಡುತ್ತಿತ್ತು. ಅವನು ಎಲೆಯನ್ನು ಕೆಳಗಿನ ಮೆಟ್ಟಿಲಲ್ಲಿ ಇಟ್ಟು, ತಾನು ಮೇಲೆ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಬಹಳ ಹೊತ್ತು ಹಿಡಿಯಿತು. "ಉಂಡಾ!" ಎಂಬ ಕೂಗು ಬರುವಷ್ಟರಲ್ಲಿ ನಮ್ಮ ಎಲೆಯ ತೊವ್ವೆ ಪೂರ್ತಿ ಆರಿತ್ತು. ಬಿಸಿ ತುಪ್ಪ ನಾನೇ ಮತ್ತೊಮ್ಮೆ ಬಡಿಸಿದೆ.

ಎಲ್ಲ ಬಳಿದು ಒರೆಸಿ ಕೋಣೆಗೆ ಹೊರಟಾಗ ಹಿಂದಿನಿಂದ, "ಇಂದೂ," ಎಂದರು.

ತಿರುಗಿದೆ. ಮಾವನವರು ಮಣೆಯ ಮುಂದೆ ಕುಳಿತಿದ್ದರು. ಕಂಬ ಅವರ ಬೆನ್ನ ಹಿಂದೆ ಇತ್ತು.

"ಪೇಡ್ಯಾನ ಬಾಲ ಎಡಕ್ಕ ಸುತ್ತಿರತಿತ್ತು. ನೀ ಬಲಕ್ಕ ಬರದೀ. ಬಣ್ಣ ಉಳದಾವೇನು?"

"ಉಳದಾವ್ರಿ."

"ನಾಳೆ ಸ್ನಾನಾ ಆದ ಮ್ಯಾಲೆ ಪಟಾ ಬಿಚ್ಚು. ಮಡೀಲೆ."

"ಹೌದ್ರಿ," ಎಂದು ಬಂದುಬಿಟ್ಟೆ. ಈಗ ಕುಳಿತು ಯೋಚಿಸುತ್ತಿದ್ದೇನೆ: ಎಡ ಎಂದರೆ ನೋಡುವವರ ಎಡವೋ, ನಾಯಿಯ ಎಡವೋ? ಕೇಳುವುದನ್ನೇ ಮರೆತೆ! ಮತ್ತೆ ತಪ್ಪಿದರೆ ಏನು ಗತಿ? ಬೆಳಿಗ್ಗೆ ಅವಧೂತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಕೇಳಿ ಬರೆಯಬೇಕು.